ಸ್ಟಾರ್ ಸ್ಟಿಕರ್ ನಿಲ್ಲಿಸಿದ ಮೇಲೆ

ಎರಡರಿಂದ ಐದು ವರ್ಷದ ಮಕ್ಕಳ ಜೊತೆ ನನ್ನ ಕೆಲಸ. ಮೊದಲೆಲ್ಲ ಸ್ಟಾರ್ ಸ್ಟಿಕರ್ ಹಾಳೆ ಸದಾ ನನ್ನ ಕೈಯಲ್ಲೇ ಇರುತ್ತಿತ್ತು. ಆಟಿಕೆ ಎತ್ತಿಟ್ಟರೆ ಒಂದು ಸ್ಟಾರ್, ಪಕ್ಕದವರಿಗೆ ಕ್ರೇಯಾನ್ ಕೊಟ್ಟರೆ ಇನ್ನೊಂದು. ಒಂದು ದಿನ ಒಬ್ಬಳು ಪುಟ್ಟಿ, ಬಿದ್ದ ಗೆಳತಿಯನ್ನು ಕೈ ಹಿಡಿದು ಎಬ್ಬಿಸಿದಳು. ಆದರೆ ಗೆಳತಿಯ ಮುಖವನ್ನು ನೋಡಲೇ ಇಲ್ಲ. ನೇರ ನನ್ನ ಹತ್ತಿರ ಓಡಿ ಬಂದು ಅಂಗೈ ಚಾಚಿದಳು. "ಮಿಸ್, ಸ್ಟಾರ್?" ಅವಳ ಹಿಂದೆ ಆ ಮಗು ಇನ್ನೂ ಅಳುತ್ತಾ ನಿಂತಿತ್ತು.

ಇದು ನಾನೇ ಕಲಿಸಿದ್ದು ಅಂತ ಗೊತ್ತಾಗಿ ತುಂಬಾ ಬೇಜಾರಾಯಿತು. ಓದಲು ಕೂತೆ. ಮನಶ್ಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 18 ತಿಂಗಳ ಮಕ್ಕಳ ಎದುರು ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತಾ ಕ್ಲಿಪ್ ಬೀಳಿಸಿ, ಎಟುಕದೆ ಒದ್ದಾಡುತ್ತಾರೆ. ಯಾರೂ ಹೇಳದಿದ್ದರೂ ಎಷ್ಟೋ ಮಕ್ಕಳು ಹೆಕ್ಕಿ ಕೊಟ್ಟವು. 2008ರಲ್ಲಿ ಅವರೇ 20 ತಿಂಗಳ ಮಕ್ಕಳನ್ನು ನೋಡಿದರು. ಸಹಾಯಕ್ಕೆ ಬಹುಮಾನ ಸಿಕ್ಕ ಮಕ್ಕಳು ಆಮೇಲೆ, ಏನೂ ಸಿಗದಿದ್ದವರಿಗಿಂತ ಕಡಿಮೆ ಸಹಾಯ ಮಾಡಿದವು. ಅಂದರೆ ಮಕ್ಕಳಲ್ಲಿ ಮೊದಲೇ ಇದ್ದದ್ದನ್ನು ನಾನು ಸ್ಟಿಕರ್ ಕೊಟ್ಟು ಕೊಳ್ಳುತ್ತಿದ್ದೆ, ಅಲ್ವಾ?

ಸ್ಟಿಕರ್ ನಿಲ್ಲಿಸಿದೆ. ಮೊದಲ ಕೆಲವು ದಿನ ಕಷ್ಟವಾಯಿತು, ಕೇಳುವವರು ಕೇಳುತ್ತಲೇ ಇದ್ದರು. "ಗುಡ್ ಗರ್ಲ್" ಅನ್ನುವುದನ್ನೂ ಕಡಿಮೆ ಮಾಡಿದೆ. ಬದಲಿಗೆ ಕಂಡದ್ದನ್ನೇ ಹೇಳತೊಡಗಿದೆ: "ನೀನು ಪಕ್ಕದಲ್ಲಿ ಕೂತೆ, ನೋಡು, ಅವನ ಅಳು ನಿಂತಿತು." ಹೀಗೆ ಹೇಳಿದರೆ ಮಗುವಿನ ಕಣ್ಣು ನನ್ನನ್ನು ಬಿಟ್ಟು ಆ ಇನ್ನೊಂದು ಮಗುವಿನ ಕಡೆ ಹೋಗುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ.

ಹಂಚಿಕೊಳ್ಳುವ ವಿಷಯವೇ ಬೇರೆ. ಬಿದ್ದದ್ದನ್ನು ಎತ್ತಿ ಕೊಡುವುದು ಮಕ್ಕಳಿಗೆ ಸುಲಭ, ತನ್ನ ಕೈಯಲ್ಲಿರುವುದನ್ನು ಬಿಟ್ಟುಕೊಡುವುದು ಕಷ್ಟ. ಅದು ನಿಧಾನವಾಗಿ ಬರುತ್ತದೆ. ಎರಡು ವರ್ಷದ ಮಗುವಿನ ಕೈಯಿಂದ ಗೊಂಬೆ ಕಿತ್ತು "ಶೇರ್ ಮಾಡು" ಅನ್ನುವುದು ನನ್ನ ಪ್ರಕಾರ ತಪ್ಪು. ಕಿತ್ತುಕೊಳ್ಳುವುದನ್ನು ಕಲಿಸಿದಂತೆ ಆಗುತ್ತದೆ. "ನಿಂದು ಆದ ಮೇಲೆ ಅವನಿಗೆ ಕೊಡ್ತೀಯಾ?" ಅಂತ ಕೇಳಿ ಕಾಯುತ್ತೇನೆ. ಕೆಲವೊಮ್ಮೆ ಜಾಸ್ತಿ ಹೊತ್ತೇ ಕಾಯಬೇಕಾಗುತ್ತದೆ.

ಮೂರು ದಾಟಿದವರಿಗೆ ಇನ್ನೊಂದು ದಾರಿ ಸಿಕ್ಕಿತು. 2011ರ ಒಂದು ಪ್ರಯೋಗದಲ್ಲಿ ಮೂರು ವರ್ಷದ ಇಬ್ಬರು ಮಕ್ಕಳು ಒಟ್ಟಿಗೆ ಹಗ್ಗ ಎಳೆದು ಗೋಲಿ ಗೆದ್ದಾಗ, ಜಾಸ್ತಿ ಸಿಕ್ಕವರು ಎಷ್ಟೋ ಸಲ ಸಮನಾಗಿ ಹಂಚಿಕೊಂಡರು. ಗೋಲಿ ಸುಮ್ನೆ ಸಿಕ್ಕಾಗ ಅಷ್ಟು ಹಂಚಲಿಲ್ಲ. ಅದನ್ನು ಓದಿ ನಾನು ಚಿಕ್ಕ ಚಿಕ್ಕ ಬುಟ್ಟಿಗಳನ್ನು ತೆಗೆದು, ಎರಡು ಹಿಡಿಕೆಯ ಒಂದೇ ದೊಡ್ಡ ಬುಟ್ಟಿ ಇಟ್ಟೆ. ಬ್ಲಾಕ್ಸ್ ತುಂಬಿದರೆ ಒಬ್ಬರಿಂದ ಅದು ಅಲುಗುವುದಿಲ್ಲ.

ಮೊನ್ನೆ ನಾಲ್ಕು ವರ್ಷದ ಇಬ್ಬರು ಅದನ್ನು ಹೊತ್ತು ಹೊರಟಿದ್ದರು. ದಿನಾ ಜಗಳ ಆಡುವ ಜೋಡಿ. ಅರ್ಧ ದಾರಿಯಲ್ಲಿ ಒಬ್ಬನ ಕೈ ಜಾರಿತು. ಇನ್ನೊಬ್ಬ ಎಳೆಯಲಿಲ್ಲ. ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, "ಇರು, ಸರಿಯಾಗಿ ಹಿಡ್ಕೋ, ಆಮೇಲೆ ಹೋಗೋಣ" ಅಂದ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.