ಮಗಳ ಮಾತಿಗೆ ಒಂದು ನೋಟ್‌ಬುಕ್

ಮಗಳು ಎರಡೆರಡು ಪದ ಸೇರಿಸಿ ಮಾತಾಡಲು ಶುರು ಮಾಡಿದಾಗ ಒಂದು ನೋಟ್‌ಬುಕ್ ಇಟ್ಟೆ. ಮುದ್ದುಮಾತು ಕೂಡಿಡಲಿಕ್ಕಲ್ಲ. ನಾನು ಟೀಚರ್. ಬಿ.ಎಡ್.ನಲ್ಲಿ ಪರೀಕ್ಷೆಗೆಂದು ಓದಿದ ಸ್ಕಿನ್ನರ್-ಚಾಮ್‌ಸ್ಕಿ ಜಗಳದಲ್ಲಿ ನಮ್ಮನೆ ಮಗು ಯಾರ ಕಡೆ ಅಂತ ನೋಡಬೇಕಿತ್ತು. ಮಗು ಕೇಳಿದ್ದನ್ನು ಅನುಕರಿಸಿ, ಮೆಚ್ಚುಗೆ ಪಡೆದು ಮಾತು ಕಲಿಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್; ಭಾಷೆ ಕಟ್ಟುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಅಂತ ಭಾಷಾವಿಜ್ಞಾನಿ ಚಾಮ್‌ಸ್ಕಿ.

ಕೇಳಿದ್ದನ್ನು ತಿದ್ದದೆ ಹಾಗೇ ಬರೆಯುತ್ತಿದ್ದೆ. ಪಕ್ಕದಲ್ಲಿ, ಅದಕ್ಕೆ ಮುಂಚೆ ನಾವು ಏನು ಹೇಳಿದ್ದೆವು ಅನ್ನುವುದನ್ನೂ. ಅದಿಲ್ಲದಿದ್ದರೆ ಮಗು ನಮ್ಮ ಮಾತನ್ನೇ ವಾಪಸ್ ಹೇಳಿತೋ, ಸ್ವಂತ ಕಟ್ಟಿತೋ ಗೊತ್ತಾಗುವುದಿಲ್ಲ. ರೆಕಾರ್ಡ್ ಮಾಡಲು ಮೊಬೈಲ್ ತೆಗೆದರೆ ಅವಳಿಗೆ ಮೊಬೈಲೇ ಬೇಕು, ಮಾತು ಅಲ್ಲಿಗೆ ಮುಗೀತು.

ಮೊದಮೊದಲು ಸರಿಯಾಗಿ 'ಕೊಟ್ಟೆ' ಅನ್ನುತ್ತಿದ್ದವಳು ಕೆಲವು ತಿಂಗಳ ನಂತರ 'ಅಜ್ಜಿಗೆ ಕೊಡ್ದೆ' ಅಂದಳು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನೋಡ್ದೆ, ಮಾಡ್ದೆ ಕೇಳಿ ಕೇಳಿ ತಾನೇ ಒಂದು ನಿಯಮ ಹಿಡಿದಿದ್ದಾಳೆ. 'ಕೊಡ್ದೆ ಅಲ್ಲ ಪುಟ್ಟಿ, ಕೊಟ್ಟೆ' ಅಂದೆ. 'ಹೂಂ, ಕೊಡ್ದೆ' ಅಂದಳು! ಅನುಕರಣೆ ಮತ್ತು ಮೆಚ್ಚುಗೆಯಿಂದಲೇ ಮಾತು ಬರುತ್ತದೆ ಅನ್ನುವ 1957ರ ಸ್ಕಿನ್ನರ್ ವಾದಕ್ಕೆ ಇದು ಒಗ್ಗುವುದಿಲ್ಲ.

ಮೆಚ್ಚುಗೆಯ ವಿಷಯದಲ್ಲಿ ನಮ್ಮತ್ತೆಯೇ ಒಳ್ಳೆ ಉದಾಹರಣೆ. ಬಿಸ್ಕೆಟ್ ಕೈಗೆ ಬಂದಿದ್ದರೆ 'ಕೊಡ್ದೆ'ಗೂ 'ಜಾಣೆ ಕಣೇ' ಅನ್ನುತ್ತಾರೆ. ಬಾಯೆಲ್ಲಾ ಚಾಕ್ಲೇಟ್ ಮೆತ್ತಿಕೊಂಡು 'ನಾನು ತಿನ್ಲಿಲ್ಲ' ಅಂದರೆ ಬೈಗುಳ. ವಾಕ್ಯದಲ್ಲಿ ಒಂದು ತಪ್ಪಿಲ್ಲ ಪಾಪ! ಅಮೆರಿಕದ ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ಇದನ್ನೇ ಬರೆದಿದ್ದರು: ತಂದೆತಾಯಿ ಮೆಚ್ಚುವುದು ಮಾತು ನಿಜವೋ ಅಂತ ನೋಡಿ, ವ್ಯಾಕರಣ ನೋಡಿ ಅಲ್ಲ.

ಎಂದೂ ಕೇಳದ ಪದಕ್ಕೂ ಮಕ್ಕಳು ನಿಯಮ ಹಚ್ಚುತ್ತಾರಾ ಅಂತ 1958ರಲ್ಲಿ ಜೀನ್ ಬರ್ಕೊ ಅನ್ನುವ ಸಂಶೋಧಕಿ ತಾವೇ ಕಟ್ಟಿದ, ಅರ್ಥವಿಲ್ಲದ ಪದಗಳನ್ನು ಕೊಟ್ಟು ಪರೀಕ್ಷಿಸಿದ್ದರು. ನಾನೂ ಗೊಂಬೆ ಅಲ್ಲಾಡಿಸಿ, 'ಗೊಂಬೆ ಟಿಮುಕ್ತಾ ಇದೆ. ನಿನ್ನೆ ಏನು ಮಾಡ್ತು?' ಅಂದೆ. 'ಟಿಮುಕ್ತು.' ಯೋಚಿಸಲೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕನ್ನಡದ ಮಕ್ಕಳ ಮೇಲೇ ನಡೆದ ಪ್ರಯೋಗ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ್ದು. ನಮ್ಮಲ್ಲಿ 'ಇಸು' ಸೇರಿದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು ಅಂತ ಸ್ಪಷ್ಟ, ಅಲ್ವಾ? ಆದರೆ ಮೂರು ವರ್ಷದ ಮಕ್ಕಳು ಆಟಿಕೆ ಪ್ರಾಣಿಗಳಿಂದ ವಾಕ್ಯವನ್ನು ಆಡಿ ತೋರಿಸುವಾಗ ಇಸುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅಂತ ನೋಡಿದರು. ನಾಮಪದ ಎರಡಿದ್ದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು ಅನ್ನುವ ಈ ನಿರೀಕ್ಷೆ ಹುಟ್ಟಿನಿಂದಲೇ ಇರುತ್ತದೆ ಅನ್ನುವುದು ಆ ಸಂಶೋಧಕರ ವಾದ.

ಮಗಳಿಗೆ ಮೂರು ತುಂಬಿದ ಮೇಲೆ ಪ್ಲಾಸ್ಟಿಕ್ ಕುದುರೆ, ಮೊಸಳೆ ಹಿಡಿದು ಕೂತೆ. 'ಕುದುರೆ ಕುಣಿಸುತ್ತೆ' ಅಂದರೆ ಕುದುರೆ ಒಂದನ್ನೇ ಕುಣಿಸಿದಳು. 'ಕುದುರೆ ಮೊಸಳೆನ ಕುಣಿಯುತ್ತೆ' ಅನ್ನುವ ಕೆಟ್ಟ ಕನ್ನಡಕ್ಕೆ ನಗಲೂ ಇಲ್ಲ, ಕುದುರೆಯಿಂದ ಮೊಸಳೆಯನ್ನು ಕುಣಿಸಿದಳು. ಪಕ್ಕದಲ್ಲಿದ್ದ ನನ್ನ ಗಂಡ ಮಾತ್ರ 'ಏನು ಕನ್ನಡ ಕಲಿಸ್ತಿದ್ದೀಯ?' ಅಂದರು.

ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಹಾಗಂತ ಎಲ್ಲ ಹುಟ್ಟಿನಿಂದಲೇ ಬರುತ್ತದೆ ಅಂತಲೂ ನಾನು ಸುಮ್ನೆ ಕೂರಲಿಲ್ಲ. ಪೆಟ್ರೀಷಿಯಾ ಕುಲ್ 2003ರಲ್ಲಿ ತೋರಿಸಿದ ಹಾಗೆ, ಅಮೆರಿಕದ ಒಂಬತ್ತು ತಿಂಗಳ ಕೂಸುಗಳು ಎದುರು ಕೂತವರಿಂದ ಚೀನೀ ಭಾಷೆಯ ಧ್ವನಿಗಳನ್ನು ಹಿಡಿದವು, ವಿಡಿಯೋದಿಂದ ಹಿಡಿಯಲಿಲ್ಲ. ಅದಕ್ಕೇ ನಮ್ಮಲ್ಲಿ ಊಟದ ಹೊತ್ತಿಗೆ ಯೂಟ್ಯೂಬ್ ಇಲ್ಲ, ಅಜ್ಜಿ ಇದ್ದಾರೆ. 'ಕೊಟ್ಟೆ' ಈಗ ತಾನಾಗೇ ವಾಪಸ್ ಬಂದಿದೆ. 'ಇಡ್ದೆ' ಇನ್ನೂ ಹೋಗಿಲ್ಲ, ನಾನೂ ತಿದ್ದುತ್ತಿಲ್ಲ.