ಕಾಗದ ತೋರಿಸಿ, ಆಮೇಲೆ ಡಿಸೈನ್

ಆರು ವರ್ಷದ ಹಿಂದೆ, ಮುಂಗಾರಿಗೆ ಮುಂಚೆ, ರಾಯಚೂರಿನ ನನ್ನ ಡಿಸೈನ್ ಅಂಗಡಿಗೆ ಹತ್ತಿ ಬೀಜದ ಪೋಸ್ಟರ್ ಕೆಲಸ ಬಂತು. ‘ಎಕರೆಗೆ 20 ಕ್ವಿಂಟಲ್ ಗ್ಯಾರಂಟಿ’ ಅಂತ ದಪ್ಪ ಅಕ್ಷರದಲ್ಲಿ ಕೂರಿಸಿದವನು ನಾನೇ. ಕಾಯಿ ತುಂಬಿದ ಗಿಡದ ಫೋಟೋ ನೆಟ್‌ನಲ್ಲಿ ಹುಡುಕಿ ಹಾಕಿದವನೂ ನಾನೇ. ಮಾನ್ವಿ ಕಡೆಯ ನಮ್ಮ ಸೋದರಮಾವ ಅದನ್ನು ನೋಡಿ ಬಿತ್ತಿದರು. ಗಿಡ ಎದೆಮಟ್ಟ ಬೆಳೆಯಿತು, ಕಾಯಿ ಕಟ್ಟಲಿಲ್ಲ.

“ಕೆಳಗ ನಿನ್ನ ಅಂಗಡಿ ಹೆಸರಿತ್ತಲ್ಲೋ, ಅದಕ್ಕ ನಂಬಿದೆ” ಅಂದರು.

ಆಮೇಲೆ ಅನುಮಾನದ ಕೆಲಸಕ್ಕೆ ನೇರವಾಗಿ ‘ಮಾಡಲ್ಲ’ ಅನ್ನತೊಡಗಿದೆ. ಜಗಳಗಳಾದವು, ಒಳ್ಳೆಯ ಗಿರಾಕಿಗಳೂ ದೂರಾದರು. ಮತ್ತೆ ಡಬಲ್ ರೇಟ್ ಹೇಳಿ ನೋಡಿದೆ. 800ರ ಡಿಸೈನಿಗೆ 1,600 ಅಂದರೆ ತಕ್ಷಣ ಎಣಿಸಿ ಕೊಟ್ಟರು! ಆ ದುಡ್ಡು ಮುಟ್ಟಲು ಮನಸ್ಸಾಗಲಿಲ್ಲ.

ಕೊನೆಗೆ ಕಾಗದ ಕೇಳಲು ಶುರು ಮಾಡಿದೆ. ಬೀಜದವರಾದರೆ ಕೃಷಿ ಇಲಾಖೆಯ ಲೈಸೆನ್ಸ್. ಲೇಔಟಿನವರಾದರೆ ಎನ್‌ಎ ಆದೇಶ, ಅಂದರೆ ಹೊಲವನ್ನು ಬೇರೆ ಕೆಲಸಕ್ಕೆ ಬಳಸಲು ಕೊಟ್ಟ ಅನುಮತಿ, ಜೊತೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್ ದಾಟಿದ ಲೇಔಟಿಗೆ ನೋಂದಣಿ ಇಲ್ಲದೆ ಜಾಹೀರಾತು ಕೊಡುವಂತಿಲ್ಲ, ಅಲ್ವಾ? ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವವರಿಗೆ ಮಾತ್ರ ಯಾವ ಕಾಗದ ತೋರಿಸಿದರೂ ಮಾಡಲ್ಲ. ಅಂಥ ಜಾಹೀರಾತನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆದಿದೆ. ಅದನ್ನು ಪ್ರಿಂಟ್ ತೆಗೆದು ಟೇಬಲ್ ಗಾಜಿನ ಕೆಳಗಿಟ್ಟಿದ್ದೇನೆ.

“ಅಣ್ಣ, ಗಿರಾಕಿಗೆ ಕಾಗದ ಕೇಳಿದ್ರ ಅಂಗಡಿ ನಡೀತದೇನು?” ಅಂತ ಪಕ್ಕದ ಅಂಗಡಿಯವರು ಕೇಳಿದ್ದರು. ಮೊದಲ ಸೀಸನ್ನಿನಲ್ಲಿ ನಡೆಯಲಿಲ್ಲ, ನಿಜ. ಸುಮಾರು 90 ಸಾವಿರದ ಕೆಲಸ ಕೈಬಿಟ್ಟು ಹೋಯಿತು. ಪ್ರಿಂಟರ್ ಕಂತು ತಿಂಗಳಿಗೆ 11 ಸಾವಿರ. ಚೀಟಿ ಎತ್ತಿ ಕಟ್ಟಿದೆ.

ಆಗಲೇ ಬಟ್ಟೆ ಬ್ಯಾನರಿಗೂ ಕೈ ಹಾಕಿದ್ದೆ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲೇ ನಿಷೇಧವಾಗಿತ್ತಲ್ಲ. ಜಾತ್ರೆಗೆ ಮಾಡಿದ ಮೊದಲ ಬ್ಯಾನರ್ ಒಂದೇ ಮಳೆಗೆ ಬಣ್ಣ ಬಿಟ್ಟಿತು. ಈಗ ಬಿಡಲ್ಲ. ಯಾವ ಬಣ್ಣ ಅಂತ ಹೇಳಲ್ಲ.

ಎರಡನೇ ವರ್ಷ ಲೈಸೆನ್ಸ್ ಇದ್ದ ಬೀಜದಂಗಡಿಯವರು ತಾವೇ ಹುಡುಕಿಕೊಂಡು ಬಂದರು. ನಮ್ಮ ಅಂಗಡಿ ಹೆಸರು ಕೆಳಗೆ ಇರಲೇಬೇಕು ಅಂದರು. ಈಗ ಕಾಯಂ ಗಿರಾಕಿಗಳೇ 40ರ ಹತ್ತಿರ ಇದ್ದಾರೆ. ಬಾಡಿಗೆ, ಕಂತು ಕಳೆದು ತಿಂಗಳಿಗೆ 35 ಸಾವಿರ ಉಳಿಯುತ್ತದೆ. ಪಕ್ಕದ ಅಂಗಡಿಯವರೂ ಈಗ ಲೈಸೆನ್ಸ್ ಕೇಳುತ್ತಾರೆ. ಆದರೆ ಕಾಗದಕ್ಕೂ ಮುಂಚೆ ನಾನು ಫೋನಿನಲ್ಲಿ ಕೇಳುವ ಪ್ರಶ್ನೆ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಈ ಸಲ ಬಿತ್ತನೆಗೆ ಮುಂಚೆ ಮಾವ ಬೀಜದ ಪಾಕೀಟಿನ ಫೋಟೋ ಕಳಿಸಿದ್ದರು. ಲಾಟ್ ನಂಬರ್ ಸರಿಯಾಗಿ ಕಾಣಲಿಲ್ಲ. ಅವರನ್ನು ಬೀಜದಂಗಡಿಗೆ ವಾಪಸ್ ಕಳಿಸಿ, ಬಿಲ್ ಜೊತೆ ಇನ್ನೊಂದು ಫೋಟೋ ತರಿಸಿಕೊಂಡೆ.