ನಿಮ್ಮ ಮರದಲ್ಲಿ ಅಪರೂಪದ ಹಕ್ಕಿ ಗೂಡು ಕಟ್ಟಿದರೆ ಏನು ಮಾಡಬೇಕು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರೊಳಗಿನ ಮರಗಳಲ್ಲಿ. ಎಷ್ಟೋ ಮರಗಳು ಜನರ ಹಿತ್ತಲಲ್ಲೇ ಇವೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಜನರೇ ಮುಂದೆ ಬಂದು ವನ್ಯಜೀವಿಗಳನ್ನು ಕಾಪಾಡುವ ಜಾಗವೆಂದು ಸರ್ಕಾರ ಘೋಷಿಸಿತು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಿಂದ ಸೇರಿದ 36ಸಿ ಕಲಮಿನ ಪ್ರಕಾರ ಖಾಸಗಿ ಜಮೀನನ್ನೂ ಹೀಗೆ ಘೋಷಿಸಬಹುದು. ಆದರೆ ಮಾಲೀಕರೋ ಊರಿನವರೋ ತಾವಾಗಿ ಮುಂದೆ ಬರಬೇಕು. ನಿಮಗೂ ಮನಸ್ಸಿದ್ದರೆ ಹೀಗೆ ಮಾಡಿ.

1. ನೋಡಿ, ಬರೆದಿಡಿ. ಯಾವ ಹಕ್ಕಿ, ಯಾವ ಮರ, ಎಷ್ಟು ಗೂಡು, ಯಾವ ತಿಂಗಳು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ದೂರದಿಂದಲೇ ಫೋಟೊ ತೆಗೆಯಿರಿ.

2. ನಷ್ಟ ಎಷ್ಟೆಂದು ಲೆಕ್ಕ ಹಾಕಿ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಕುಂಟುತ್ತದೆ. ಬೆಳ್ಳೂರಿನಲ್ಲಿ ಹುಣಸೆ ಬಡಿಯುವ ಕಾಲಕ್ಕೇ ಮರದ ತುಂಬ ಮರಿಗಳಿರುತ್ತವೆ. ಬಡಿದರೆ ಗೂಡು ಉಳಿಯದು, ಬಿಟ್ಟರೆ ಆ ವರ್ಷದ ಹುಣಸೆ ದುಡ್ಡು ಹೋಯಿತು. ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತಾ ಬಂದಿದೆ. ಲಾಭವೂ ಇಲ್ಲದಿಲ್ಲ: ಮರದ ಕೆಳಗೆ ಕೆರೆ ಗೋಡು ಹರಡಿ, ಹಿಕ್ಕೆ ಬೆರೆತ ಮಣ್ಣನ್ನು ಗದ್ದೆಗೆ ಒಯ್ಯುತ್ತಾರೆ, ಒಳ್ಳೇ ಗೊಬ್ಬರ. ಆದರೂ ಗೊಬ್ಬರವೊಂದರಿಂದ ಮನೆ ನಡೆಯುತ್ತಾ? ಹಕ್ಕಿ ಎಲ್ಲರದ್ದು, ನಷ್ಟ ಮಾತ್ರ ಮರದವನದ್ದು ಎನ್ನುವುದು ನ್ಯಾಯವಲ್ಲ. 36ಸಿ ಕಲಮಿನಲ್ಲಿ ಪರಿಹಾರದ ಮಾತಿಲ್ಲ. ಹಾಗಾಗಿ ಎಷ್ಟು, ಯಾವಾಗ ಕೊಡುತ್ತೀರಿ ಎಂದು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಸಂಕೋಚ ಬೇಡ.

3. ಅಕ್ಕಪಕ್ಕದವರನ್ನು ಕೂಡಿಸಿ. ನಾತ, ಗಲಾಟೆ ಅವರಿಗೂ ತಪ್ಪಿದ್ದಲ್ಲ. ಹೆಜ್ಜಾರ್ಲೆಗೆ ಬೇಲಿ ಗೊತ್ತಿಲ್ಲ. ಒಂದು ಮರ ಉಳಿದು ಪಕ್ಕದ್ದು ಉರುಳಿದರೆ ಏನು ಬಂತು? ಗ್ರಾಮಸಭೆಯಲ್ಲಿ ವಿಷಯ ಇಡಿ.

4. ಅರಣ್ಯ ಇಲಾಖೆಗೆ ಬರೆಯಿರಿ. ಪಹಣಿ, ಸರ್ವೆ ನಕ್ಷೆ, ನಿಮ್ಮ ನೋಟ್‌ಬುಕ್‌ನ ಪ್ರತಿ, ಗ್ರಾಮಸಭೆಯ ನಿರ್ಣಯ ಇಟ್ಟು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಘೋಷಣೆ ಮಾಡುವುದು ರಾಜ್ಯ ಸರ್ಕಾರ.

5. ಒಪ್ಪುವ ಮುಂಚೆ ಮನೆಯವರೊಂದಿಗೆ ಕೂತು ಓದಿ. ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ. ಆದರೆ ಘೋಷಣೆಯಾದ ಮೇಲೆ ಅದರ ಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ನಾಳೆ ಮಗ ಸೈಟು ಮಾಡ್ತೀನಿ ಅಂದರೆ ಸುಮ್ನೆ ಆಗುವುದಿಲ್ಲ. ಮಕ್ಕಳ ಒಪ್ಪಿಗೆಯನ್ನೂ ಈಗಲೇ ಕೇಳಿ.

6. ಸಮಿತಿಯಲ್ಲಿ ಕೂರಿ. 2022ರ ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಸಮಿತಿಯಲ್ಲಿ ಇಲಾಖೆ ಮತ್ತು ಪಂಚಾಯಿತಿಯ ಪ್ರತಿನಿಧಿಗಳ ಜೊತೆ ಮಾಲೀಕರಿಗೂ ಜಾಗವಿದೆ. ಮೊದಲ ಸಭೆಯಲ್ಲೇ ಮೂರು ವಿಷಯ ಎತ್ತಿ: ಪರಿಹಾರ ಕೊಡುವ ತಿಂಗಳು, ಗೂಡಿನಿಂದ ಬಿದ್ದ ಮರಿಗಳನ್ನು ನೋಡಿಕೊಳ್ಳುವವರು, ಒಣಗಿದ ಮರದ ಬದಲಿಗೆ ನೆಡುವ ಸಸಿ. ಬೆಳ್ಳೂರಿನಲ್ಲಿ ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುತ್ತಾರೆ.